ಅಗ್ನಿಪರ್ವತದ ಏರಿನಲ್ಲಿ ಹದಿನಾಲ್ಕು ಸೆಕೆಂಡುಗಳು

ಯಾವ ವಿದ್ಯಾಸಂಸ್ಥೆಯ ಬಹುಮಾನ ವಿತರಣ ಸಮಾರಂಭವನ್ನು ನೋಡಿದರೂ ಮೊದಲು ಕೂಗಲ್ಪಡುವುದು ಪ್ರಥಮ ಸ್ಥಾನ ಗಳಿಸಿದ ವಿದ್ಯಾರ್ಥಿಯ ಹೆಸರು. ಕರತಾಡನ ಅವನಿಗೆ; ಭಾವಚಿತ್ರ ಅವನದು; ಮುಂದೆ ಶಾಲೆಯ ಗೋಡೆಯ ಕರಿಹಲಗೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ ಚಿರಸ್ಥಾಯಿಯಾಗುವುದೂ ಅವನ ಹೆಸರೇ. ಎರಡನೆಯವನು ಪುಸ್ತಕವೊಂದನ್ನು ಎದೆಗವಚಿಕೊಂಡು ವೇದಿಕೆಯಿಂದ ಇಳಿದು ಬರುವಾಗ ಅವನ ತಾಯಿಯ ಹೊರತು ಇನ್ನಾರ ದೃಷ್ಟಿಯೂ ಅವನ ಮೇಲಿರುವುದಿಲ್ಲ. ಇದು ಲೋಕದ ರೂಢಿ. ಆದರೆ ಲೋಕಕ್ಕೆ ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ರೂಢಿಯೂ ಉಂಟು. ಕೆಲವೊಮ್ಮೆ ಅದು ಗೆದ್ದವನನ್ನು ಹಂಗಿಸಿ, ಸೋತವನನ್ನು ತಲೆಯ ಮೇಲೆ ಹೊತ್ತು ಕುಣಿಯುತ್ತದೆ. ಮೊದಲನೆಯ ರೂಢಿಯಲ್ಲಿರುವ ಅನ್ಯಾಯ ಎಲ್ಲರ ಕಣ್ಣಿಗೂ ಬೀಳುವಂಥದು. ಎರಡನೆಯದರಲ್ಲಿರುವ ಅನ್ಯಾಯ ಕರುಣೆಯ ವೇಷ ತೊಟ್ಟಿರುವುದರಿಂದ ಅಷ್ಟು ಸುಲಭವಾಗಿ ಗುರುತಿಗೆ ಸಿಕ್ಕುವುದಿಲ್ಲ. ಅದನ್ನು ತಿಳಿಯಲು ಫ್ರಾನ್ಸ್ ದೇಶದ ನಡುಭಾಗದ ಒಂದು ಬೆಟ್ಟಕ್ಕೆ, 1964ನೆಯ ಇಸವಿಯ ಜುಲೈ 12ರ ಅಪರಾಹ್ನಕ್ಕೆ ಹೋಗಬೇಕು.

ಆ ಬೆಟ್ಟದ ಹೆಸರು ಪ್ವೀ ದ ದೋಮ್. ಓವೆರ್ನ್ಯ ಪ್ರಾಂತದ ಕ್ಲೇರ್ಮೋನ್ ಫೆರಾನ್ ನಗರದ ಪಶ್ಚಿಮಕ್ಕೆ ದಕ್ಷಿಣೋತ್ತರವಾಗಿ ಸುಮಾರು ಎಂಬತ್ತು ಅಗ್ನಿಪರ್ವತಗಳು ಮಣಿಸರದಂತೆ ಸಾಲುಗೊಂಡು ನಿಂತಿವೆ. ಈಗ ಅವೆಲ್ಲವೂ ನಿದ್ರಾವಸ್ಥೆಯಲ್ಲಿವೆ. ಮೈಮೇಲೆ ಹುಲ್ಲು ಬೆಳೆದಿದೆ, ದನಕರುಗಳು ಮೇಯುತ್ತವೆ. 2018ರಲ್ಲಿ ಈ ಸಾಲು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಸಾಲಿನ ನಡುವೆ ಎಲ್ಲಕ್ಕಿಂತ ಎತ್ತರವಾಗಿ, 1465 ಮೀಟರಿಗೆ ತಲೆಯೆತ್ತಿ ನಿಂತಿರುವುದು ಪ್ವೀ ದ ದೋಮ್. ಹುಟ್ಟಿ ಸುಮಾರು ಹನ್ನೊಂದು ಸಾವಿರ ವರ್ಷಗಳಾದವು. ಭೂಮಿಯ ಲೆಕ್ಕದಲ್ಲಿ ಅದಿನ್ನೂ ತೊಟ್ಟಿಲ ಕೂಸು. ಅದರ ನೆತ್ತಿಯಲ್ಲಿ ಅಗ್ನಿಪರ್ವತಕ್ಕೆ ಸಹಜವೆಂದು ತೋರುವ ಕುಳಿ ಇಲ್ಲ. ಒಳಗಿನಿಂದ ಉಕ್ಕಿದ ಲಾವಾರಸ ತೆಳ್ಳಗೆ ಹರಿದುಹೋಗುವ ಬಗೆಯದಾಗಿರದೆ, ಅಂಟಾದ, ಗಟ್ಟಿಯಾದ ಬಗೆಯದಾಗಿದ್ದಿತು. ಕೊಪ್ಪರಿಗೆಯಲ್ಲಿ ಪಾಕ ಗಟ್ಟಿಯಾದ ಬೆಲ್ಲವನ್ನು ಸೌಟಿನಿಂದೆತ್ತಿ ಹಾಕಿದರೆ ಅದು ಹರಿಯದೆ ಬಿದ್ದಲ್ಲಿಯೇ ಗುಪ್ಪೆಗೂಡುವುದಲ್ಲವೆ? ಅಂತೆಯೇ ಆ ಲಾವಾರಸವೂ ಉಕ್ಕಿದ ಬಾಯಿಯ ಮೇಲೆಯೇ ಗುಮ್ಮಟವಾಗಿ ನಿಂತಿತು.

ಇಂಥ ಗುಮ್ಮಟವನ್ನು ಏರುವ ದಾರಿಗೆ ಬೇರೆ ಉಪಾಯವಿಲ್ಲ; ಬುಗುರಿಗೆ ಚಾಟಿ ಸುತ್ತಿದಂತೆ ಅದರ ಮೈಯನ್ನು ಸುತ್ತಿಕೊಂಡೇ ಹೋಗಬೇಕು. 1907ರಲ್ಲಿ ಇಲ್ಲಿ ಉಗಿಯಂತ್ರದ ರೈಲು ಓಡಾಡತೊಡಗಿತು. ಮುಂದೆ ಅದು ನಿಂತುಹೋದಾಗ ಅದರ ಹಾಸುದಾರಿಯೇ ಮೋಟಾರು ರಸ್ತೆಯಾಯಿತು. ರೈಲಿಗೆ ಬೇಕಾದುದು ಏರಿಳಿತವಿಲ್ಲದ ಸಮನಾದ ಏರು. ಅದೇ ಸಮನಾದ ಏರು ಸೈಕಲ್ ಸವಾರನಿಗೆ ಶಿಕ್ಷೆಯಾಗಿ ಪರಿಣಮಿಸಿತೆನ್ನುವುದು ವಿಧಿವಿಲಾಸ. ಆಲ್ಪ್ಸ್ ಪರ್ವತದ ಘಾಟಿಗಳಲ್ಲಿ ತಿರುವು ಬಂದಾಗಲೆಲ್ಲ ಅರೆಕ್ಷಣ ಉಸಿರಾಡಲು ಎಡೆಯುಂಟು. ಇಲ್ಲಿ ತಿರುವೇ ಇಲ್ಲ, ಅಥವಾ ದಾರಿಯೆಲ್ಲವೂ ಒಂದೇ ತಿರುವು. ಕೊನೆಯ ನಾಲ್ಕು ಕಿಲೋಮೀಟರಿಗೂ ಮಿಕ್ಕ ದೂರದಲ್ಲಿ ನೂರು ಮೀಟರಿಗೆ ಹೆಚ್ಚುಕಡಿಮೆ ಹನ್ನೆರಡು ಮೀಟರಿನಂತೆ ಭೂಮಿ ಏರುತ್ತಲೇ ಇರುತ್ತದೆ. ಸವಾರನ ಒಂದು ಕಡೆಗೆ ಬೆಟ್ಟದ ಗೋಡೆ, ಇನ್ನೊಂದು ಕಡೆಗೆ ಆಕಾಶ. ಮುಂದೆ ಏನಿದೆಯೆಂಬುದು ಶಿಖರ ಬರುವತನಕ ಕಾಣುವುದಿಲ್ಲ.

ವಿಜ್ಞಾನದ ಅಧ್ಯಾಪಕರಿಗೆ ಈ ಬೆಟ್ಟ ಬೇರೊಂದು ಕಾರಣದಿಂದ ಪರಿಚಿತವಾಗಿರಬೇಕು. ಕ್ಲೇರ್ಮೋನ್ ನಗರದಲ್ಲಿ 1623ರಲ್ಲಿ ಜನಿಸಿದ ಬ್ಲೇಸ್ ಪಾಸ್ಕಲ್ ಎಂಬ ಮಹಾಮೇಧಾವಿಗೆ ವಾಯುವಿಗೆ ಭಾರವಿದೆಯೆಂದು ಸಿದ್ಧಪಡಿಸಬೇಕಾಗಿದ್ದಿತು. ಭಾರವಿರುವುದಾದರೆ ಎತ್ತರಕ್ಕೆ ಹೋದಂತೆ ತಲೆಯ ಮೇಲಿನ ವಾಯು ಕಡಮೆಯಾಗಿ ನಳಿಗೆಯಲ್ಲಿನ ಪಾದರಸ ಇಳಿಯಲೇಬೇಕು. ಅವನು ತನ್ನ ಅಕ್ಕನ ಗಂಡನಾದ ಫ್ಲೋರೇನ್ ಪೆರಿಯೇ ಎಂಬವನಿಗೆ ಪತ್ರ ಬರೆದು ಈ ಕಾರ್ಯವನ್ನು ಒಪ್ಪಿಸಿದನು. 1648ರ ಸೆಪ್ಟೆಂಬರ್ 19ರಂದು ಪೆರಿಯೇ ನಳಿಗೆಯನ್ನು ಹೊತ್ತು ಪ್ವೀ ದ ದೋಮ್ ಏರಿದನು. ಪಾದರಸ ಅಂದಿನ ಫ್ರೆಂಚ್ ಅಳತೆಯಲ್ಲಿ ಮೂರಂಗುಲಕ್ಕೂ ಮಿಕ್ಕಿ ಕೆಳಗಿಳಿಯಿತು. ಅದೇ ವೇಳೆಯಲ್ಲಿ ಊರಿನ ಒಂದು ಮಠದ ತೋಟದಲ್ಲಿ ಇನ್ನೊಂದು ನಳಿಗೆಯನ್ನು ನಿಲ್ಲಿಸಿ, ಅದರಲ್ಲಿ ಏನಾದರೂ ವ್ಯತ್ಯಾಸವಾಗುವುದೋ ಎಂದು ಮಠದ ಸನ್ಯಾಸಿಯೊಬ್ಬನು ದಿನವಿಡೀ ಕಾದು ನೋಡುತ್ತಿದ್ದನು. ಅದು ಕದಲಲಿಲ್ಲ. ಬೆಟ್ಟ ಹತ್ತಿದವನ ಹೆಸರು ಗ್ರಂಥಗಳಲ್ಲಿ ನಿಂತಿತು. ಕದಲದ ನಳಿಗೆಯ ಮುಂದೆ ಕದಲದೆ ಕುಳಿತವನನ್ನು ನೆನೆಯುವವರು ವಿರಳ. ಆ ಎರಡನೆಯ ನಳಿಗೆಯಿಲ್ಲದಿದ್ದರೆ ಮೊದಲನೆಯದರ ಸಾಕ್ಷ್ಯಕ್ಕೆ ಬೆಲೆಯೇ ಇರುತ್ತಿರಲಿಲ್ಲ.

ಆ ವಾಯುವನ್ನು ರಬ್ಬರಿನ ಕೊಳವೆಯಲ್ಲಿ ತುಂಬಿ ಸೈಕಲ್ಲಿನ ಗಾಲಿಗೆ ಸುಲಭವಾಗಿ ತೊಡಿಸಿ ತೆಗೆಯುವಂತೆ ಮಾಡಿದವರೂ ಇದೇ ಊರಿನವರು. ಕ್ಲೇರ್ಮೋನಿನ ಮಿಶೆಲಿನ್ ಸಹೋದರರು 1891ರಲ್ಲಿ ಬಿಚ್ಚಿ ಹಾಕಬಹುದಾದ ಟಯರನ್ನು ಸಿದ್ಧಪಡಿಸಿದರು. ಅದೇ ವರ್ಷ ಪ್ಯಾರಿಸ್ಸಿನಿಂದ ಬ್ರೆಸ್ಟಿಗೆ ಹೋಗಿ ಮರಳುವ ದೀರ್ಘ ಪಂದ್ಯವನ್ನು ಶಾರ್ಲ್ ತೆರೋನ್ ಎಂಬ ಸವಾರ ಆ ಟಯರುಗಳ ಮೇಲೆಯೇ ಗೆದ್ದನು.

ಈಗ ಪಂದ್ಯಕ್ಕೆ ಬರಬಹುದು. ಟೂರ್ ದ ಫ್ರಾನ್ಸ್ ಎಂಬ ಸೈಕಲ್ ಪಂದ್ಯ ಮೂರು ವಾರಗಳ ಕಾಲ ಫ್ರಾನ್ಸ್ ದೇಶವನ್ನು ಸುತ್ತುತ್ತದೆ. ಪ್ರತಿದಿನದ ವೇಳೆಯನ್ನೂ ಕೂಡಿಸುತ್ತ ಹೋಗಿ, ಒಟ್ಟು ವೇಳೆ ಯಾರದು ಕಡಮೆಯೋ ಅವನಿಗೆ ಹಳದಿಯ ಅಂಗಿಯನ್ನು ತೊಡಿಸುತ್ತಾರೆ. ಪ್ವೀ ದ ದೋಮ್ ಶಿಖರ ಈ ಪಂದ್ಯದೊಳಗೆ ಬಂದುದು 1952ರಲ್ಲಿ. ಆ ವರ್ಷ ಅಲ್ಲಿ ಗೆದ್ದವನು ಇಟಲಿಯ ಫೌಸ್ತೊ ಕೊಪ್ಪಿ. 1964ರಲ್ಲಿ ಹಳದಿಯ ಅಂಗಿ ಝಾಕ್ ಆಂಕೆತೀಲನ ಮೈಮೇಲಿದ್ದಿತು. ಆಗಲೇ ನಾಲ್ಕು ಬಾರಿ ಟೂರ್ ಗೆದ್ದಿದ್ದವನು. ಅದೇ ವರ್ಷ ಇಟಲಿಯ ಮಹಾಪಂದ್ಯವನ್ನೂ ಗೆದ್ದು ದಣಿದು ಬಂದವನು. ಗಡಿಯಾರಕ್ಕೆದುರಾಗಿ ಒಬ್ಬನೇ ಓಡಿಸುವ ಸ್ಪರ್ಧೆಯಲ್ಲಿ ಅವನಿಗೆ ಸಮಾನರಿರಲಿಲ್ಲ. ಅವನ ಬೆನ್ನಿಗೆ ಐವತ್ತಾರು ಸೆಕೆಂಡುಗಳ ಅಂತರದಲ್ಲಿ ಇದ್ದವನು ರೇಮೋನ್ ಪುಲಿದೋರ್. ಕ್ರೇಜ಼್ ಸೀಮೆಯ ಗೇಣಿ ರೈತರ ಮಗ. ಪಂದ್ಯ ಪ್ಯಾರಿಸ್ ಮುಟ್ಟಲು ಇನ್ನೆರಡು ದಿನಗಳು ಮಾತ್ರ ಉಳಿದಿದ್ದವು. ಅಂದು ಬ್ರೀವ್ ಎಂಬ ಊರಿನಿಂದ ಹೊರಟು 237 ಕಿಲೋಮೀಟರು ಕ್ರಮಿಸಿ, ಕಡೆಗೆ ಈ ಗುಮ್ಮಟವನ್ನು ಏರಬೇಕಾಗಿದ್ದಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಸಮತಲದ ದಾರಿಯಲ್ಲಿ ವೇಗವಾಗಿ ಹೋಗುವ ಸವಾರನ ಶಕ್ತಿಯ ಬಹುಭಾಗ ವ್ಯಯವಾಗುವುದು ಗಾಳಿಯನ್ನು ಸೀಳುವುದಕ್ಕೆ. ಆದುದರಿಂದಲೇ ಒಬ್ಬನ ಹಿಂದೆ ಇನ್ನೊಬ್ಬನು ಅಡಗಿ ಸಾಗುತ್ತಾನೆ. ಗಾಳಿಯನ್ನು ಸೀಳುವ ಕಲೆಯನ್ನು ಬಲ್ಲ ಆಂಕೆತೀಲನಂಥವನು ಒಂಟಿಯಾಗಿ ಗೆಲ್ಲುತ್ತಾನೆ. ಆದರೆ ಹನ್ನೆರಡರ ಏರಿನಲ್ಲಿ ವೇಗ ತಗ್ಗುವುದರಿಂದ ಗಾಳಿಯ ಮಾತು ಹಿಂದೆ ಸರಿದು, ಹೋರಾಟವೆಲ್ಲ ಭೂಮಿಯ ಸೆಳೆತದೊಡನೆ ನಡೆಯುತ್ತದೆ. ವಾಯುವಿಗೆ ಭಾರವಿದೆಯೆಂದು ಜಗತ್ತಿಗೆ ತೋರಿಸಿಕೊಟ್ಟ ಬೆಟ್ಟವೇ ವಾಯುವನ್ನು ಲೆಕ್ಕದಿಂದ ಬಿಡಿಸಿ, ಆಂಕೆತೀಲನ ಕೈಯಿಂದ ಅವನ ಆಯುಧವನ್ನು ಕಸಿದುಕೊಂಡಿತು.

ಆಯುಧ ಹೋದರೂ ಅವನ ಬುದ್ಧಿ ಹೋಗಲಿಲ್ಲ. ಬೆಟ್ಟ ಹತ್ತುವುದರಲ್ಲಿ ತಾನು ಪುಲಿದೋರನಿಗೆ ಸಾಟಿಯಲ್ಲವೆಂದು ಅವನು ಬಲ್ಲನು. ಹಿಂದೆ ಇದ್ದರೆ ದಣಿವು ಎದುರಾಳಿಗೆ ತಿಳಿದುಹೋಗುತ್ತದೆ. ಆದುದರಿಂದ ಅವನು ಹಿಂದೆ ಉಳಿಯದೆ ಪಕ್ಕದಲ್ಲಿಯೇ, ಬೆಟ್ಟದ ಗೋಡೆಯ ಕಡೆಯಿಂದ, ಸಮಸಮನಾಗಿ ಸಾಗಿದನು. ಸ್ಪೇನಿನ ಹೂಲಿಯೊ ಹಿಮೆನೆಸ್ ಮತ್ತು ಫೆದೆರಿಕೊ ಬಹಮೊಂತೆಸ್ ಇಬ್ಬರೂ ಮುಂದೆ ಹೊರಟುಹೋದರು. ಅದರ ಪರಿವೆ ಅವನಿಗಿರಲಿಲ್ಲ. ಪರಿವೆ ಇರಲಿಲ್ಲವೆನ್ನುವುದಕ್ಕಿಂತ ಅದು ಅವನಿಗೆ ಬೇಕಾಗಿಯೇ ಇದ್ದಿತು ಎನ್ನುವುದು ಹೆಚ್ಚು ಸರಿ. ಏಕೆಂದರೆ ಮೊದಲ ಸ್ಥಾನಗಳಿಗೆ ದೊರೆಯುವ ವೇಳೆಯ ವಿನಾಯಿತಿ ಅವರ ಪಾಲಾದರೆ ಪುಲಿದೋರನಿಗೆ ಅದು ತಪ್ಪುತ್ತದೆ. ಲಕ್ಷಗಟ್ಟಲೆ ಜನ ದಾರಿಯ ಅಂಚಿನಲ್ಲಿ ನೆರೆದಿದ್ದರು. ಆ ಇಕ್ಕಟ್ಟಿನಲ್ಲಿ ಇಬ್ಬರ ಭುಜಕ್ಕೆ ಭುಜ, ಮೊಣಕೈಗೆ ಮೊಣಕೈ ತಗುಲಿತು. ಆ ಕ್ಷಣದ ಛಾಯಾಚಿತ್ರ ಕ್ರೀಡಾಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ: ಒಬ್ಬರ ಮೈಗೆ ಒಬ್ಬರು ಒರಗಿದ ಇಬ್ಬರು, ಯಾರು ಯಾರನ್ನು ಆಧರಿಸಿದ್ದಾರೆ, ಯಾರು ಯಾರನ್ನು ತಳ್ಳುತ್ತಿದ್ದಾರೆ ಎಂದು ಹೇಳಬರುವಂತಿಲ್ಲ.

ಶಿಖರ ಇನ್ನು ಒಂದು ಕಿಲೋಮೀಟರಿಗೂ ಒಳಗೆ ಇರುವಾಗ ಆಂಕೆತೀಲನ ಕಾಲು ಸೋತಿತು. ಪುಲಿದೋರ್ ಮುಂದೆ ಸಾಗಿದನು. ಹಿಮೆನೆಸ್ ಮೊದಲಿಗನಾದನು, ಬಹಮೊಂತೆಸ್ ಎರಡನೆಯವನಾದನು, ಪುಲಿದೋರ್ ಮೂರನೆಯವನು. ಇಟಲಿಯ ಅದೋರ್ನಿಯೂ ದಾಟಿಹೋದ ಮೇಲೆ ಆಂಕೆತೀಲ್ ಐದನೆಯವನಾಗಿ ಬಂದು ಮುಟ್ಟಿದನು. ಪುಲಿದೋರ್ ಗಳಿಸಿದ ಅಂತರ ನಲವತ್ತೆರಡು ಸೆಕೆಂಡು. ಐವತ್ತಾರರಲ್ಲಿ ನಲವತ್ತೆರಡನ್ನು ಕಳೆದರೆ ಉಳಿದುದು ಹದಿನಾಲ್ಕು. ಎಷ್ಟು ಉಳಿಯಿತೆಂದು ಆಂಕೆತೀಲ್ ತನ್ನ ತಂಡದ ನಿರ್ದೇಶಕ ಜೆಮಿನಿಯಾನಿಯನ್ನು ಕೇಳಿದನೆಂದೂ, ಹದಿನಾಲ್ಕೆಂಬ ಉತ್ತರ ಬಂದಾಗ ಬೇಕಾದುದಕ್ಕಿಂತ ಹದಿಮೂರು ಹೆಚ್ಚೇ ಆಯಿತೆಂದನೆಂದೂ ಹೇಳುತ್ತಾರೆ. ಎರಡು ದಿನಗಳ ತರುವಾಯ ವರ್ಸಾಯಿನಿಂದ ಪ್ಯಾರಿಸ್ಸಿಗೆ ಗಡಿಯಾರದೆದುರಿನ ಓಟ. ಅದನ್ನು ಆಂಕೆತೀಲ್ ಗೆದ್ದನು. ಪುಲಿದೋರನಿಗಿಂತ ಇಪ್ಪತ್ತೊಂದು ಸೆಕೆಂಡು ಮುಂದು, ಗೆಲುವಿನ ವಿನಾಯಿತಿ ಇಪ್ಪತ್ತು. ಎಲ್ಲವನ್ನೂ ಕೂಡಿಸಿದರೆ ಐವತ್ತೈದು ಸೆಕೆಂಡು. ಐದನೆಯ ಬಾರಿಗೆ ಟೂರ್ ಆಂಕೆತೀಲನದಾಯಿತು.

ಫ್ರಾನ್ಸಿನ ಜನಹೃದಯ ಮಾತ್ರ ಪುಲಿದೋರನದಾಯಿತು. ಅವನನ್ನು 'ಪುಪು' ಎಂದು ಮುದ್ದಿನ ಹೆಸರಿನಿಂದ ಕರೆದರು. ನಿತ್ಯ ದ್ವಿತೀಯನೆಂಬ ಬಿರುದನ್ನು ಕೊಟ್ಟರು. ವಿಧಿ ಅವನನ್ನು ವಂಚಿಸಿತೆಂದು ಮರುಗಿದರು. ಆಂಕೆತೀಲನೋ ಲೆಕ್ಕಾಚಾರದವನು, ತಣ್ಣನೆಯ ಎದೆಯವನು, ಬೇಕಾದಷ್ಟನ್ನೇ ಗೆದ್ದು ಒಂದು ಗುಂಜಿಯೂ ಹೆಚ್ಚು ಗೆಲ್ಲದ ಜಿಪುಣನೆಂದು ಹೆಸರಾದನು. 1959ರಲ್ಲಿಯೇ ಪ್ಯಾರಿಸ್ಸಿನ ಕ್ರೀಡಾಂಗಣದಲ್ಲಿ ಪ್ರೇಕ್ಷಕರು ಸೀಟಿ ಹೊಡೆದು ಅವನನ್ನು ಹಂಗಿಸಿದ್ದರು. ಆ ಸೀಟಿಗಳ ನೆನಪಿಗೆ ಅವನು ತನ್ನ ದೋಣಿಗೆ ಅದೇ ಹೆಸರನ್ನಿಟ್ಟನೆಂಬ ಕಥೆಯೂ ಉಂಟು.

ಸೋತವನನ್ನು ಎತ್ತಿಹಿಡಿಯುವುದು ಕನ್ನಡಿಗರಿಗೆ ಹೊಸ ವಿಷಯವೇನೂ ಅಲ್ಲ. ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ಕಾವ್ಯ ಬರೆದ ಪಂಪನು ಕರ್ಣನಿಗೆ ಕೊಟ್ಟ ಸ್ಥಾನ ಎಂಥದೆಂಬುದನ್ನು ಪಂಡಿತರೆಲ್ಲರೂ ಬಲ್ಲರು. ರನ್ನನ ದುರ್ಯೋಧನನ ಮಾತೂ ಹಾಗೆಯೇ. ಆದರೆ ಆ ಕವಿಗಳು ಸೋತವನ ಹಿರಿಮೆಯನ್ನು ಹೇಳುವಾಗ ಅವನ ತಪ್ಪುಗಳ ಪಟ್ಟಿಯನ್ನು ಹರಿದು ಬಿಸುಡಲಿಲ್ಲವೆಂಬುದನ್ನು ಮರೆಯಲಾಗದು. ಕರ್ಣನ ದುರಂತಕ್ಕೆ ಹುಟ್ಟು, ಶಾಪ, ಕಪಟ ಇವೆಲ್ಲವೂ ಕೂಡಿದ್ದವು. ಪುಲಿದೋರನ ಸೋಲಿಗೆ ಅಂಥ ದೊಡ್ಡ ಕಾರಣಗಳನ್ನು ಹುಡುಕುವುದು ಅವನಿಗೆ ಮಾಡುವ ಉಪಕಾರವಲ್ಲ.

ಅದೇ ಪಂದ್ಯದ ಹಿಂದಿನ ದಿನಗಳನ್ನು ನೋಡಿದರೆ ಇದು ವಿಶದವಾಗುತ್ತದೆ. ಬ್ರಿಯಾನ್ಸೋನಿನಿಂದ ಮೊನಾಕೊಗೆ ಬಂದ ದಿನ, ಅಲ್ಲಿಯ ಕ್ರೀಡಾಂಗಣದೊಳಗೆ ಮೊದಲು ಪ್ರವೇಶಿಸಿದ ಪುಲಿದೋರ್ ತನ್ನ ಕಸುವನ್ನೆಲ್ಲ ಸುರಿದು ಗೆರೆಯನ್ನು ದಾಟಿದನು. ಆದರೆ ಇನ್ನೂ ಒಂದು ಸುತ್ತು ಬಾಕಿಯಿದ್ದಿತು. ಆ ಸುತ್ತಿನಲ್ಲಿ ಆಂಕೆತೀಲ್ ಗೆದ್ದು ಒಂದು ನಿಮಿಷದ ವಿನಾಯಿತಿಯನ್ನು ಪಡೆದನು. ಒಂದು ನಿಮಿಷವೆಂದರೆ ಅರುವತ್ತು ಸೆಕೆಂಡು. ಪ್ಯಾರಿಸ್ಸಿನಲ್ಲಿ ಕಡೆಗೆ ಉಳಿದ ಅಂತರ ಐವತ್ತೈದು. ಪ್ರಶ್ನಪತ್ರಿಕೆಯ ಹಿಂಬದಿಯನ್ನು ತಿರುವಿ ನೋಡದೆ ಉತ್ತರಪತ್ರಿಕೆಯನ್ನು ಒಪ್ಪಿಸಿಬಿಡುವ ಜಾಣ ಹುಡುಗರನ್ನು ಕಾಣದ ಅಧ್ಯಾಪಕರಿಲ್ಲ. ಅಂಥವನ ಬಗ್ಗೆ ಅಧ್ಯಾಪಕರು ಮರುಗಬಹುದು. ಆದರೆ ಅಂಕಗಳನ್ನು ತಿದ್ದುವುದಿಲ್ಲ, ಪ್ರಶ್ನಪತ್ರಿಕೆಯನ್ನು ಪೂರ್ತಿ ಓದಿ ಬರೆದವನನ್ನು ಜಿಪುಣನೆಂದು ಕರೆಯುವುದಿಲ್ಲ. ಹಾಗೆಂದು ಪುಲಿದೋರನಿಗೆ ದುರದೃಷ್ಟವೇ ಇರಲಿಲ್ಲವೆನ್ನಲಾಗದು. ತುಲೂಸ್ ನಗರದ ದಾರಿಯಲ್ಲಿ ಗಾಲಿ ಕೆಟ್ಟು ಸೈಕಲ್ ಬದಲಾಯಿಸಿದಾಗ, ಅವಸರದಿಂದ ಹಿಂದಿನಿಂದ ತಳ್ಳಿದ ಮೆಕ್ಯಾನಿಕ್ ಅವನನ್ನು ಬೀಳಿಸಿಯೇಬಿಟ್ಟನು. ಎರಡು ನಿಮಿಷಕ್ಕೂ ಮಿಕ್ಕಿ ನಷ್ಟವಾಯಿತು. ಇದಕ್ಕೆ ಅವನು ಹೊಣೆಯಲ್ಲ. ಮರುದಿನವೇ ಪಿರೆನೀಸ್ ಪರ್ವತಗಳನ್ನು ದಾಟಿ ಲೂಶೋನಿನಲ್ಲಿ ಅವನು ಗೆದ್ದನು. ಸಹೃದಯರು ಮೆಚ್ಚಬೇಕಾದುದು ಈ ಮರುದಿನವನ್ನು. ಜನ ಹಾಡಿದುದು ಬಿದ್ದುದನ್ನು.

ನಿತ್ಯ ದ್ವಿತೀಯನೆಂಬ ಬಿರುದಿನಲ್ಲಿ ಇನ್ನೊಂದು ಸುಳ್ಳು ಅಡಗಿದೆ. ಪುಲಿದೋರ್ 1961ರಲ್ಲಿ ಮಿಲಾನ್-ಸಾನ್ ರೆಮೊ ಪಂದ್ಯವನ್ನು ಗೆದ್ದವನು. 1964ರಲ್ಲಿಯೇ, ಈ ಬೆಟ್ಟಕ್ಕೆ ಬರುವ ಮುನ್ನ, ಸ್ಪೇನ್ ದೇಶದ ಮಹಾಪಂದ್ಯವನ್ನು ಗೆದ್ದು ಬಂದವನು. ಟೂರ್ ಪಂದ್ಯದಲ್ಲಿ ಮೂರು ಬಾರಿ ಎರಡನೆಯವನಾದನು, ಐದು ಬಾರಿ ಮೂರನೆಯವನಾದನು. ಕೊನೆಯ ಬಾರಿ 1976ರಲ್ಲಿ, ನಲವತ್ತು ವರ್ಷ ತುಂಬಿದ ಮೇಲೆ. 1967ರಲ್ಲಿ ತನ್ನ ಗೆಲುವಿನ ಆಸೆ ಕೈಬಿಟ್ಟುಹೋದಾಗ ಸಹ ಸವಾರ ಪೇಂಜೋನನ ಗೆಲುವಿಗಾಗಿ ದುಡಿದನು. ಹಳದಿಯ ಅಂಗಿಯನ್ನು ಒಂದು ದಿನವೂ ತೊಡಲಿಲ್ಲವೆಂಬುದು ನಿಜ. ಕರುಣೆಯಿಂದ ನೋಡುವವರಿಗೆ ಆ ಒಂದು ನಿಜದ ಮುಂದೆ ಮಿಕ್ಕವೆಲ್ಲ ಕಾಣಿಸುವುದೇ ಇಲ್ಲ.

ಕರುಣೆ ಎಲ್ಲಿಗೆ ಹೋಗಿ ಮುಟ್ಟಬಹುದೆಂಬುದಕ್ಕೂ ಇದೇ ಬೆಟ್ಟ ಸಾಕ್ಷಿ. 1975ರ ಜುಲೈ 11ರಂದು ಬೆಲ್ಜಿಯಮ್ಮಿನ ಎಡ್ಡಿ ಮರ್ಕ್ಸ್ ಹಳದಿಯ ಅಂಗಿ ತೊಟ್ಟು ಈ ಗುಮ್ಮಟವನ್ನು ಏರುತ್ತಿದ್ದನು. ಅವನೂ ಐದು ಬಾರಿ ಗೆದ್ದವನೇ, ಆರನೆಯದನ್ನು ಬಯಸಿದವನು. ಅವನೇ ಗೆಲ್ಲುವುದನ್ನು ನೋಡಿ ನೋಡಿ ಬೇಸತ್ತವರು ಬಹಳ ಮಂದಿಯಿದ್ದರು. ಶಿಖರ ಸಮೀಪಿಸುತ್ತಿರುವಾಗ ಪ್ರೇಕ್ಷಕನೊಬ್ಬನು ಗುಂಪಿನಿಂದ ಕೈಚಾಚಿ ಅವನ ಪಕ್ಕೆಗೆ ಗುದ್ದಿದನು. ಮರ್ಕ್ಸ್ ಮೇಲೆ ಮುಟ್ಟಿ, ಮತ್ತೆ ಇಳಿದು ಬಂದು, ಗುದ್ದಿದವನನ್ನು ಗುರುತು ಹಿಡಿದನು. ಮೊಕದ್ದಮೆ ನಡೆದು, ಪರಿಹಾರವಾಗಿ ಕೇವಲ ಒಂದು ಫ್ರಾಂಕ್ ವಿಧಿಸಲಾಯಿತು. ಎರಡು ದಿನಗಳ ಬಳಿಕ ಪ್ರಾ-ಲೂ ಎಂಬಲ್ಲಿ ಹಳದಿಯ ಅಂಗಿ ಬರ್ನಾರ್ ತೆವೆನೆಯ ಪಾಲಾಯಿತು. ಮರ್ಕ್ಸ್ ಮತ್ತೆಂದೂ ಅದನ್ನು ತೊಡಲಿಲ್ಲ. ಗುದ್ದಿಗೂ ಸೋಲಿಗೂ ಎಷ್ಟು ಸಂಬಂಧವೆಂಬುದು ವೈದ್ಯರ ವಿಚಾರ. ಸೀಟಿಗೂ ಗುದ್ದಿಗೂ ನಡುವಿನ ದೂರ ಒಂದು ತೋಳಿನಷ್ಟು ಮಾತ್ರವೆಂಬುದು ಎಲ್ಲರೂ ಕಂಡ ವಿಚಾರ.

ಈ ಕಥೆ ದೂರದ ದೇಶದ್ದೆಂದು ತೋರಬಹುದು. ಆದರೆ ಕಲ್ಲಿನ ನೆಂಟಸ್ತಿಕೆಯನ್ನು ನೋಡಿದರೆ ಅಷ್ಟೇನೂ ದೂರವಲ್ಲ. ಕ್ಲೇರ್ಮೋನಿನ ದೊಡ್ಡ ಇಗರ್ಜಿ ಕಟ್ಟಲ್ಪಟ್ಟಿರುವುದು ವೊಲ್ವಿಕ್ ಎಂಬಲ್ಲಿಯ ಲಾವಾಶಿಲೆಯಿಂದ. ಅದು ಮೋಡದ ದಿನ ಕಾಡಿಗೆಯಂತೆ ಕಪ್ಪಾಗಿ ಕಾಣುತ್ತದೆ. ವಿಜಯಪುರದ ಗೋಳಗುಮ್ಮಟದ ಕಲ್ಲೂ ಲಾವಾರಸ ಹೆಪ್ಪುಗಟ್ಟಿ ಆದುದೇ. ಉತ್ತರ ಕರ್ನಾಟಕದ ಬಹುಭಾಗವನ್ನು ಹೊದೆದಿರುವ ದಖನಿನ ಲಾವಾಸ್ತರಗಳು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದಿನವು. ಅವು ಸವೆದು ಆದುದೇ ಎರೆಭೂಮಿ. ವ್ಯತ್ಯಾಸವಿಷ್ಟೆ: ದಖನಿನ ರಸ ತೆಳುವಾಗಿದ್ದು ಭೂಮಿಯ ಬಿರುಕುಗಳಿಂದ ಹೊರಟು ನೂರಾರು ಹರದಾರಿ ಹರಿದು ಬಯಲಾಯಿತು, ಓವೆರ್ನ್ಯದ್ದು ಗಟ್ಟಿಯಾಗಿದ್ದು ಗುಮ್ಮಟವಾಯಿತು. ಆ ಬಯಲಿನ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಿಂದ ರಾಷ್ಟ್ರಮಟ್ಟದ ಸೈಕಲ್ ಸವಾರರು ಅನೇಕರು ಬಂದಿದ್ದಾರೆ. ಒಕ್ಕಲುತನದ ಮನೆಗಳ ಮಕ್ಕಳು. ಪುಲಿದೋರನನ್ನು ಕಂಡಿದ್ದರೆ ಅವನ ಅಂಗೈಯನ್ನು ನೋಡಿಯೇ ತಮ್ಮವನೆನ್ನುತ್ತಿದ್ದರು. ಇವರು ಪದಕಗಳನ್ನು ತಂದಾಗ ಊರು ಮೆರವಣಿಗೆ ಮಾಡುತ್ತದೆ. ನಾಲ್ಕನೆಯವರಾಗಿ ಬಂದಾಗ ಅನ್ಯಾಯವಾಯಿತೆಂದು ಕೂಗುತ್ತದೆ. ಎಲ್ಲಿ ವೇಳೆ ಕಳೆಯಿತು, ಯಾವ ಏರಿನಲ್ಲಿ ಉಸಿರು ಸಾಲದಾಯಿತು ಎಂದು ಅವರೊಡನೆ ಕುಳಿತು ಲೆಕ್ಕ ಹಾಕುವವರು ಒಬ್ಬಿಬ್ಬರು ತರಬೇತುದಾರರು ಮಾತ್ರ. ಆ ಹುಡುಗರಿಗೆ ಮೆರವಣಿಗೆಗಿಂತಲೂ ಕೂಗಿಗಿಂತಲೂ ಹೆಚ್ಚಾಗಿ ಬೇಕಾದುದು ಆ ಲೆಕ್ಕ. ಅದನ್ನು ಕೇಳುವ ಎದೆಯೂ ಅವರಿಗಿದೆ, ಹೇಳುವವರಿಗೇ ಸಂಕೋಚ.

ಆಂಕೆತೀಲನೂ ಪುಲಿದೋರನೂ ಮುಂದೆ ಸ್ನೇಹಿತರಾದರೆಂಬುದು ಗಮನಿಸತಕ್ಕ ಸಂಗತಿ. ಪಕ್ಷ ಕಟ್ಟಿಕೊಂಡು ಜಗಳವಾಡಿದವರು ದಾರಿಯ ಅಂಚಿನಲ್ಲಿದ್ದವರು. ದಾರಿಯ ಮೇಲಿದ್ದ ಇಬ್ಬರಿಗೂ ಇನ್ನೊಬ್ಬನ ನೋವು ಎಷ್ಟೆಂಬುದು ತಿಳಿದಿದ್ದಿತು. 1987ರಲ್ಲಿ ಆಂಕೆತೀಲ್ ಜಠರದ ಅರ್ಬುದ ರೋಗದಿಂದ ಹಾಸಿಗೆ ಹಿಡಿದಾಗ, ತನ್ನ ಯಾತನೆ ದಿನದ ಪ್ರತಿಗಳಿಗೆಯೂ ಪ್ವೀ ದ ದೋಮ್ ಏರುತ್ತಿರುವಂತಿದೆಯೆಂದು ಪುಲಿದೋರನೊಡನೆ ಹೇಳಿಕೊಂಡನಂತೆ. ಆ ಉಪಮಾನದ ಅರ್ಥ ಪೂರ್ತಿಯಾಗಿ ತಿಳಿಯಬಲ್ಲವನು ಜಗತ್ತಿನಲ್ಲಿ ಅವನೊಬ್ಬನೇ ಇದ್ದನು. ಆ ವರ್ಷದ ನವೆಂಬರಿನಲ್ಲಿ ಆಂಕೆತೀಲ್ ತೀರಿಕೊಂಡನು. ಪುಲಿದೋರ್ 2019ರ ನವೆಂಬರಿನವರೆಗೆ ಬಾಳಿದನು. 2021ರಲ್ಲಿ ಅವನ ಮಗಳ ಮಗ ಮಾತ್ಯೂ ವಾನ್ ದೆರ್ ಪೂಲ್ ಹಳದಿಯ ಅಂಗಿಯನ್ನು ಗೆದ್ದು ಆರು ದಿನ ತೊಟ್ಟನು.

1988ರ ತರುವಾಯ ಪಂದ್ಯ ಈ ಬೆಟ್ಟಕ್ಕೆ ಬಂದಿರಲಿಲ್ಲ. 2012ರಲ್ಲಿ ಅದೇ ದಾರಿಯ ಮೇಲೆ ಹಲ್ಲುಹಳಿಯ ರೈಲು ಮತ್ತೆ ಬಂದಿತು. ಮಿಕ್ಕ ರಸ್ತೆ ಇನ್ನಷ್ಟು ಇಕ್ಕಟ್ಟಾಗಿ ಸಾಮಾನ್ಯ ಸವಾರರಿಗೆ ಮುಚ್ಚಿಹೋಯಿತು. ಸ್ವಂತ ಉಸಿರಿನಿಂದ ಏರುವವನನ್ನು ತಡೆದು, ಚೀಟಿ ಕೊಂಡು ಕುಳಿತವನನ್ನು ಏರಿಸುವ ಈ ವ್ಯವಸ್ಥೆ ಎಷ್ಟು ಉಚಿತವೆಂಬುದು ಪ್ರತ್ಯೇಕ ಚರ್ಚೆಯ ವಿಷಯ. ಬೆಟ್ಟದ ಹುಲ್ಲಿಗೂ ಹೂವಿಗೂ ಅದರಿಂದ ಕ್ಷೇಮವಾಗಿರುವುದಂತೂ ನಿಜ. ಮೂವತ್ತೈದು ವರ್ಷಗಳ ಅನಂತರ, 2023ರ ಜುಲೈ 9ರಂದು, ಪುಲಿದೋರ್ ಬಾಳಿದ ಊರಾದ ಸೇನ್ ಲೆಯೊನಾರ್ ದ ನೊಬ್ಲಾದಿಂದ ಹೊರಟ ಪಂದ್ಯ ಈ ಶಿಖರಕ್ಕೆ ಬಂದಿತು. ಹೊರಟವರಲ್ಲಿ ಆ ಮೊಮ್ಮಗನೂ ಇದ್ದನು. ಕೊನೆಯ ನಾಲ್ಕು ಕಿಲೋಮೀಟರುಗಳಲ್ಲಿ ಪ್ರೇಕ್ಷಕರಿಗೆ ಪ್ರವೇಶವನ್ನೇ ಕೊಟ್ಟಿರಲಿಲ್ಲ. ಸೀಟಿಯಿಲ್ಲ, ಜಯಘೋಷವಿಲ್ಲ. ಅಮೆರಿಕದ ತರುಣ ಮ್ಯಾಟಿಯೊ ಜಾರ್ಗನ್‌ಸನ್ ನಲವತ್ತು ಕಿಲೋಮೀಟರಿಗೂ ಮಿಕ್ಕ ದೂರದಿಂದ ಒಬ್ಬನೇ ಮುಂದೆ ಬಂದಿದ್ದನು. ಶಿಖರ ಅರ್ಧ ಕಿಲೋಮೀಟರಿನಷ್ಟು ಉಳಿದಿರುವಾಗ ಕೆನಡಾ ದೇಶದ ಮೂವತ್ತಾರು ವರ್ಷದ ಮೈಕಲ್ ವುಡ್ಸ್ ಹಿಂದಿನಿಂದ ಬಂದು ಅವನನ್ನು ದಾಟಿದನು. ಬಳಿಕ ಇನ್ನಿಬ್ಬರು ದಾಟಿದರು. ಮರುಗುವವರಾಗಲಿ ಹಂಗಿಸುವವರಾಗಲಿ ಇಲ್ಲದ ಆ ದಾರಿಯಲ್ಲಿ, ಒಂದು ಕಡೆಗೆ ರೈಲಿನ ಹಳಿ, ಇನ್ನೊಂದು ಕಡೆಗೆ ಆಕಾಶವಿರಲು, ಜಾರ್ಗನ್‌ಸನ್ ನಾಲ್ಕನೆಯವನಾಗಿ ಮೇಲೆ ಹೋಗಿ ಮುಟ್ಟಿದನು.